ಬಂದ ಕಣಗಳು ಹೊರಡುವ ಹೊತ್ತು

ಮಂಗಳೂರೆಂದೊಡನೆ ಬಹುಮಂದಿಗೆ ಕಡಲು, ತೆಂಗು, ಕೆಂಪು ಹೆಂಚಿನ ಮನೆಗಳು ನೆನಪಾಗುತ್ತವೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿ ಇನ್ನೊಂದು ಮಂಗಳೂರಿದೆ. ಅಲ್ಲಿ ಕಡಲಿಲ್ಲ, ಕಣ್ಣು ಹಾಯುವಷ್ಟು ದೂರ ಹೊಲಗಳಿವೆ. ಮುಂಗಾರಿಗೆ ಹೆಸರು, ಸಜ್ಜೆ, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ. ಮಳೆಯನ್ನೇ ನಂಬಿದ ಒಕ್ಕಲುತನ. ಕಾಳು ಇರುವಲ್ಲಿ ಇಲಿ, ಇಲಿ ಇರುವಲ್ಲಿ ಹಾವು, ಹಾವು ಇರುವಲ್ಲಿ ಬರಿಗಾಲಿನ ಮನುಷ್ಯ. ಈ ಮೂರರ ಸಂಬಂಧ ಅಲ್ಲಿ ಇಂದು ನಿನ್ನೆಯದಲ್ಲ.

ಇಂಥ ಊರಿನ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. ಆತನಿಗೆ ಹೆಸರು ಬೇಕಿಲ್ಲ. ಏಕೆಂದರೆ ವರ್ಷ ವರ್ಷವೂ ಆತ ಬೇರೆ ಬೇರೆ ಊರುಗಳಿಂದ ಬೇರೆ ಬೇರೆ ಹೆಸರು ಹೊತ್ತು ಆಸ್ಪತ್ರೆಗೆ ಬರುತ್ತಲೇ ಇರುತ್ತಾನೆ. ದೀಪಾವಳಿ ಕಳೆದು ನಾಲ್ಕು ದಿನಗಳಾಗಿವೆ. ನಸುಕಿನಲ್ಲಿ ಎತ್ತಿಗೆ ಮೇವು ತರಲೆಂದು ಬಣವೆಗೆ ಕೈಯಿಕ್ಕುತ್ತಾನೆ. ಪ್ರೆಶರ್ ಕುಕ್ಕರಿನಂತೆ ಬುಸುಗುಟ್ಟುವ ಸದ್ದು, ಒಡನೆಯೇ ಪಾದದ ಬಳಿ ಬೆಂಕಿಯಿಟ್ಟಂಥ ಉರಿ. ಮೈಮೇಲೆ ಸರಪಳಿಯಂತೆ ಕಂದುಬಣ್ಣದ ಮಂಡಲಗಳನ್ನು ಹೊತ್ತ ದಪ್ಪ ಹಾವೊಂದು ಬಣವೆಯ ಕೆಳಗೆ ಸರಿದು ಹೋಗುತ್ತದೆ. ಅದು ಕೊಳಕುಮಂಡಲ. 18ನೆಯ ಶತಮಾನದ ಕೊನೆಯಲ್ಲಿ ವಿಶಾಖಪಟ್ಟಣದ ಕಡೆಯಲ್ಲಿದ್ದುಕೊಂಡು ಭಾರತದ ಹಾವುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ಲನ ಹೆಸರನ್ನು ವಿಜ್ಞಾನಿಗಳು ಇದಕ್ಕೆ ಇಟ್ಟಿದ್ದಾರೆ. ಹಾವಿಗೆ ತನ್ನ ಹೆಸರು ಸಲ್ಲುವುದು ಎಷ್ಟರ ಮಟ್ಟಿನ ಗೌರವವೋ ಹೇಳುವುದು ಕಷ್ಟ.

ನಾಗರಹಾವಿನ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣರೆಪ್ಪೆ ಜೋಲಿ, ಉಸಿರು ನಿಲ್ಲುತ್ತದೆ. ಕೊಳಕುಮಂಡಲದ ವಿಷದ ದಾರಿ ಬೇರೆ. ಅದು ರಕ್ತವನ್ನು ಕೆಡಿಸುತ್ತದೆ. ಹೆಪ್ಪುಗಟ್ಟುವ ಸಾಮಗ್ರಿಯನ್ನೆಲ್ಲ ಸಣ್ಣ ನಾಳಗಳಲ್ಲಿ ವೃಥಾ ಖರ್ಚು ಮಾಡಿಸಿ, ನಿಜವಾಗಿ ಹೆಪ್ಪು ಬೇಕಾದಾಗ ರಕ್ತ ನೀರಿನಂತೆ ಹರಿಯುವಂತೆ ಮಾಡುತ್ತದೆ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಸ್ವಚ್ಛವಾದ ಒಣ ಗಾಜಿನ ಪ್ರನಾಳದಲ್ಲಿ ರೋಗಿಯ 2 ಮಿಲಿಲೀಟರ್ ರಕ್ತವನ್ನು ತೆಗೆದು 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಬಾಗಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗದೆ ಹರಿದರೆ ಮಂಡಲದ ಜಾತಿಯ ಹಾವೇ ಕಚ್ಚಿದೆಯೆಂದು ತಿಳಿಯಬಹುದು. ಒಡನೆಯೇ ವಿಷನಿರೋಧಕ ಔಷಧಿ ಹನಿಹನಿಯಾಗಿ ರಕ್ತನಾಳ ಸೇರಬೇಕು. ಕಾಲಿಗೆ ಹಗ್ಗ ಬಿಗಿದು, ಗಾಯ ಕೊಯ್ದು, ಬೇರು ಅರೆದು, ಮಂತ್ರ ಹಾಕಿಸಿ ಕಳೆಯುವ ಪ್ರತಿಯೊಂದು ಗಂಟೆಯೂ ವಿಷದ ಪಾಲಾಗುತ್ತದೆ.

ಆತನ ಅದೃಷ್ಟಕ್ಕೆ ಮಗ ಮೋಟಾರ್ ಸೈಕಲ್ ಹೊರಡಿಸಿದ. ತಡವಾದರೂ ಔಷಧಿ ದೊರಕಿತು. ಒಸಡಿನಿಂದ ಸುರಿಯುತ್ತಿದ್ದ ರಕ್ತ ನಿಂತಿತು. ಮನೆಯವರು ದೇವರಿಗೆ ಕೈಮುಗಿದರು. ಆದರೆ ಎರಡನೆಯ ದಿನ ಮೂತ್ರ ಕಡಿಮೆಯಾಯಿತು; ಮೂರನೆಯ ದಿನ ಲೋಟದ ತಳ ಮುಚ್ಚುವಷ್ಟೇ, ಅದೂ ಚಹಾದ ಬಣ್ಣದ್ದು. ಮುಖ ಊದಿತು. ವಾಂತಿ ಪ್ರಾರಂಭವಾಯಿತು. ರಕ್ತದಲ್ಲಿ ಯೂರಿಯಾ, ಕ್ರಿಯಾಟಿನಿನ್ ಏರತೊಡಗಿದವು. ವಿಷ ಹೋಗಿತ್ತು; ಆದರೆ ಹೋಗುವ ದಾರಿಯಲ್ಲಿ ಮೂತ್ರಪಿಂಡವನ್ನು ಗಾಯಗೊಳಿಸಿ ಹೋಗಿತ್ತು. ವಿಷನಿರೋಧಕ ಔಷಧಿ ರಕ್ತದಲ್ಲಿ ಅಲೆಯುವ ವಿಷವನ್ನು ಹಿಡಿದುಹಾಕಬಲ್ಲದು. ಆಗಿಹೋದ ಗಾಯವನ್ನು ಮಾಯಿಸಲಾರದು. ಆ ಕೆಲಸವನ್ನು ಮೂತ್ರಪಿಂಡವೇ ಮಾಡಿಕೊಳ್ಳಬೇಕು.

ಅದು ಮಾಡಿಕೊಳ್ಳುವ ಬಗೆಯೇ ಇಲ್ಲಿನ ಕಥೆ.

ದಿನಕ್ಕೆ ಹದಿನೈದು ಕೊಡ

ಬೆನ್ನೆಲುಬಿನ ಇಕ್ಕೆಲಗಳಲ್ಲಿ ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಇಷ್ಟು ಚಿಕ್ಕ ಅವಯವಗಳಿಗೆ ಹೃದಯ ಕಳಿಸುವ ರಕ್ತ ನಿಮಿಷಕ್ಕೆ ಒಂದು ಲೀಟರಿಗೂ ಮಿಗಿಲು. ಅಂದರೆ ಇಡೀ ದೇಹಕ್ಕೆ ಹರಿಯುವ ರಕ್ತದಲ್ಲಿ ಐದನೆಯ ಒಂದು ಪಾಲು. ಒಂದೊಂದು ಪಿಂಡದಲ್ಲಿಯೂ ಸುಮಾರು 10 ಲಕ್ಷ ನೆಫ್ರಾನುಗಳಿವೆ. ನೆಫ್ರಾನೆಂದರೆ ಒಂದು ಸೂಕ್ಷ್ಮವಾದ ಶೋಧಕ, ಅದಕ್ಕೆ ಅಂಟಿಕೊಂಡ ಒಂದು ನೀಳವಾದ ಕೊಳವೆ. ಶೋಧಕಗಳಿಂದ ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ ಬರುತ್ತದೆ. ಹನ್ನೆರಡು ಲೀಟರಿನ ಕೊಡದಲ್ಲಿ ಅಳೆದರೆ ಹದಿನೈದು ಕೊಡ! ಅಷ್ಟೂ ಹೊರಗೆ ಹೋದರೆ ಮನುಷ್ಯ ಒಂದು ಹೊತ್ತೂ ಬದುಕಲಾರ. ಕೊಳವೆಯ ಒಳಗೋಡೆಯ ಜೀವಕೋಶಗಳು ಉಪ್ಪು, ಸಕ್ಕರೆ, ನೀರು ಎಲ್ಲವನ್ನೂ ಒಂದೊಂದಾಗಿ ಆರಿಸಿ ಹಿಂದಕ್ಕೆ ರಕ್ತಕ್ಕೆ ಒಪ್ಪಿಸುತ್ತವೆ. ಕೊನೆಗೆ ಉಳಿಯುವ ಒಂದೂವರೆ ಲೀಟರಷ್ಟೇ ಮೂತ್ರ.

ಈ ಆರಿಸುವ ಕೆಲಸಕ್ಕೆ ಅಪಾರ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. ವಿಚಿತ್ರವೆಂದರೆ, ಮೂತ್ರಪಿಂಡಕ್ಕೆ ಅಷ್ಟೊಂದು ರಕ್ತ ಬಂದರೂ ಅದರ ಒಳಭಾಗಕ್ಕೆ ತಲುಪುವುದು ಸ್ವಲ್ಪವೇ. ಅಲ್ಲಿ ದುಡಿಯುವ ಕೊಳವೆಯ ಕೋಶಗಳು ಸದಾ ಕೈಯಿಂದ ಬಾಯಿಗೆ ಎಂಬಂತೆ ಬದುಕುತ್ತವೆ. ರಕ್ತದೊತ್ತಡ ಇಳಿದರೆ, ಸಣ್ಣ ನಾಳಗಳಲ್ಲಿ ಹೆಪ್ಪು ಸಿಕ್ಕಿದರೆ, ವಿಷವೇ ನೇರವಾಗಿ ತಾಕಿದರೆ ಮೊದಲು ಸಾಯುವುವು ಇವೇ. ಕೊಳಕುಮಂಡಲದ ವಿಷ ಈ ಮೂರನ್ನೂ ಮಾಡಬಲ್ಲದು. ಸತ್ತ ಕೋಶಗಳು ಗೋಡೆಯಿಂದ ಕಳಚಿ ಕೊಳವೆಯೊಳಗೆ ಬಿದ್ದು, ಕಾಲುವೆಯಲ್ಲಿ ಹೂಳು ತುಂಬಿದಂತೆ ಹರಿವನ್ನು ಕಟ್ಟಿಬಿಡುತ್ತವೆ.

ಇದು ಹಾವಿನಿಂದ ಮಾತ್ರವೇ ಆಗುವುದಲ್ಲ. ವಾಂತಿಭೇದಿಯಿಂದ ನೀರು ಬತ್ತಿದಾಗ, ಹೆರಿಗೆಯಲ್ಲಿ ಬಹಳ ರಕ್ತ ಹೋದಾಗ, ಇಲಿಜ್ವರದಲ್ಲಿ, ಮಲೇರಿಯಾದಲ್ಲಿ, ನೋವಿನ ಮಾತ್ರೆಗಳನ್ನು ಮಿತಿಮೀರಿ ನುಂಗಿದಾಗ ಇದೇ ಗತಿ. ವೈದ್ಯಲೋಕ ಇದನ್ನು ಸ್ಪಷ್ಟವಾಗಿ ಗುರುತಿಸಿದ್ದು ಯುದ್ಧದ ನಡುವೆ. 1940-41ರಲ್ಲಿ ಲಂಡನ್ನಿನ ಮೇಲೆ ಜರ್ಮನರು ಬಾಂಬು ಸುರಿಸುತ್ತಿದ್ದ ದಿನಗಳು. ಬಿದ್ದ ಮನೆಗಳಡಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದವರನ್ನು ಜೀವಂತವಾಗಿ ಹೊರಗೆಳೆದು ಆಸ್ಪತ್ರೆಗೆ ತರುತ್ತಿದ್ದರು. ಕಾಲು ಜಜ್ಜಿರುವುದನ್ನು ಬಿಟ್ಟರೆ ಅವರು ಚೆನ್ನಾಗಿಯೇ ಕಾಣುತ್ತಿದ್ದರು. ಒಂದೆರಡು ದಿನಗಳಲ್ಲಿ ಮೂತ್ರ ನಿಲ್ಲುತ್ತಿತ್ತು, ವಾರದೊಳಗೆ ಸಾಯುತ್ತಿದ್ದರು. ಎರಿಕ್ ಬೈವಾಟರ್ಸ್, ಡೆಸ್ಮಂಡ್ ಬೀಲ್ ಎಂಬಿಬ್ಬರು 1941ರಲ್ಲಿ ಇಂಥ ನಾಲ್ಕು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಜಜ್ಜಿದ್ದು ಕಾಲು, ಸತ್ತದ್ದು ಮೂತ್ರಪಿಂಡದ ಕೊಳವೆ.

ಅದೇ ಯುದ್ಧದ ಕಾಲದಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಪಟ್ಟಣದಲ್ಲಿ ವಿಲ್ಲೆಂ ಕೋಲ್ಫ್ ಎಂಬ ತರುಣ ವೈದ್ಯ ಸಾಸೇಜಿಗೆ ಬಳಸುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಯೊಂದಕ್ಕೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ಕೃತಕ ಮೂತ್ರಪಿಂಡವನ್ನು ನಿರ್ಮಿಸಿದ. 1943ರಿಂದ ಎರಡು ವರ್ಷ ಒಬ್ಬರಾದ ಮೇಲೊಬ್ಬರು ರೋಗಿಗಳು ತೀರಿಕೊಂಡರೂ ಆತ ಕೈಬಿಡಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಈ ಯಂತ್ರದಿಂದ ಬದುಕಿ ಎದ್ದಳು. ಇಂದು ಡಯಾಲಿಸಿಸ್ ಎಂಬ ಮಾತು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಕೇಳಿಬರುತ್ತದೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಉತ್ತರ ಕರ್ನಾಟಕದ ಇಂಥ ರೋಗಿಗಳಿಗೆ ಬಹುಕಾಲದಿಂದ ದಿಕ್ಕಾಗಿದೆ. ಕೊಪ್ಪಳಕ್ಕೆ ತನ್ನದೇ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ.

ಡಯಾಲಿಸಿಸ್ ಮೂತ್ರಪಿಂಡವನ್ನು ವಾಸಿಮಾಡುವುದಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಅದು ಕಾಲವನ್ನು ಸಂಪಾದಿಸಿಕೊಡುತ್ತದೆ, ಅಷ್ಟೆ. ಎರಡು ವಾರವೋ ಮೂರು ವಾರವೋ ರಕ್ತವನ್ನು ಶುದ್ಧವಾಗಿಟ್ಟರೆ, ಅಷ್ಟರಲ್ಲಿ ಕೊಳವೆಯಲ್ಲಿ ಅಲ್ಲಲ್ಲಿ ಬದುಕುಳಿದ ಕೋಶಗಳು ತಮ್ಮ ನಿತ್ಯದ ವೃತ್ತಿಯನ್ನು ಬಿಟ್ಟು, ಚಪ್ಪಟೆಯಾಗಿ ಹರಡಿ, ಎರಡಾಗಿ ನಾಲ್ಕಾಗಿ ಒಡೆದು, ಬೋಳಾದ ಗೋಡೆಯನ್ನು ಮತ್ತೆ ಮುಚ್ಚುತ್ತವೆ. ಕಳೆದುಹೋದ ನೆಫ್ರಾನನ್ನು ಹೊಸದಾಗಿ ಹುಟ್ಟಿಸಿಕೊಳ್ಳುವ ಶಕ್ತಿ ಹುಟ್ಟಿದ ಮೇಲೆ ಯಾರಿಗೂ ಇಲ್ಲ. ಆದರೆ ಇದ್ದ ನೆಫ್ರಾನಿನ ಕೊಳವೆಗೆ ಹೊಸ ಒಳಗೋಡೆ ಬರಬಲ್ಲದು.

ಕರೆಯದೆ ಬಂದವರಲ್ಲ

ಗೋಡೆ ಏಳಬೇಕಾದರೆ ಮೊದಲು ಅವಶೇಷ ತೆರವಾಗಬೇಕು. ಆ ಕೆಲಸಕ್ಕೆ ಬರುವವರು ಬಿಳಿಯ ರಕ್ತಕಣಗಳು.

ಇವುಗಳ ವೃತ್ತಿಯನ್ನು ಮೊದಲು ಕಂಡವನು ರಷ್ಯಾದ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ ಒಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ ಆತನಿಗೆ ಒಂದು ಯೋಚನೆ ಹೊಳೆಯಿತು. ಕಡಲಿನ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಗುಲಾಬಿಯ ಮುಳ್ಳೊಂದನ್ನು ಚುಚ್ಚಿಟ್ಟ. ಬೆಳಗಾಗುವಷ್ಟರಲ್ಲಿ ಅಲೆಮಾರಿ ಕೋಶಗಳು ಗುಂಪುಗೂಡಿ ಮುಳ್ಳನ್ನು ಮುತ್ತಿಕೊಂಡಿದ್ದವು. ಈ ಭಕ್ಷಕ ಕೋಶಗಳ ಸಂಶೋಧನೆಗಾಗಿ 1908ರಲ್ಲಿ ಆತನಿಗೆ ಪಾಲ್ ಎರ್ಲಿಕ್‌ನೊಡನೆ ನೊಬೆಲ್ ಪಾರಿತೋಷಕ ಸಂದಿತು.

ಮೂತ್ರಪಿಂಡದ ಗಾಯದಲ್ಲಿ ಅನೇಕ ವೇಳೆ ರೋಗಾಣುಗಳೇ ಇರುವುದಿಲ್ಲ. ಆದರೂ ರಕ್ಷಕ ಕಣಗಳು ಬರುತ್ತವೆ. ಒಡೆದ ಕೋಶಗಳಿಂದ ಸೋರುವ ವಸ್ತುಗಳೇ ಅವಕ್ಕೆ ಬೊಬ್ಬೆ. ಕೆಲವೇ ಗಂಟೆಗಳಲ್ಲಿ ಮೊದಲ ತಂಡ ಹಾಜರಾಗುತ್ತದೆ: ನ್ಯೂಟ್ರೊಫಿಲ್ಲುಗಳು. ಮೂಳೆಯ ಮಜ್ಜೆ ಇವುಗಳನ್ನು ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ತಯಾರಿಸುತ್ತದೆ. ಅವುಗಳ ಆಯುಸ್ಸು ಬಹಳ ಕಡಿಮೆ, ಕೋಪ ಬಹಳ ಹೆಚ್ಚು. ಮೈತುಂಬ ಕ್ರಿಮಿಗಳನ್ನು ಕೊಲ್ಲುವ ರಾಸಾಯನಿಕಗಳು. ಕ್ರಿಮಿಯಿಲ್ಲದ ಕಡೆಯಲ್ಲಿ ಆ ರಾಸಾಯನಿಕ ಸುರಿದರೆ ಸುಡುವುದು ಯಾರ ಮನೆ? ಹೀಗೆ ವಿಷದಿಂದ ಹೇಗೋ ಪಾರಾದ ಕೋಶಗಳು ಕೆಲವೊಮ್ಮೆ ಸಹಾಯಕ್ಕೆ ಬಂದವರಿಂದಲೇ ಗಾಯಗೊಳ್ಳುತ್ತವೆ. ಹಿಂದೆಯೇ ರಕ್ತದಿಂದ ಮಾನೊಸೈಟುಗಳು ಬರುತ್ತವೆ. ಅಂಗಾಂಶದೊಳಗೆ ಸೇರಿ ಮ್ಯಾಕ್ರೊಫೇಜುಗಳೆಂಬ ಮಹಾಭಕ್ಷಕಗಳಾಗಿ ಬೆಳೆಯುತ್ತವೆ. ಅವುಗಳ ಜೊತೆಗೆ ಲಿಂಫೊಸೈಟುಗಳೂ ಸೇರುತ್ತವೆ.

ಹೀಗೆ ಜನ ಸೇರಿದ್ದಾಯಿತು. ಒಕ್ಕಣೆಗೆ ಕೂಲಿಯವರು ಸೇರಿದಂತೆ, ಕೆಲಸವೂ ಸಾಗಿತು. ಇನ್ನು ಇವರು ಹೊರಡುವುದು ಹೇಗೆ?

ಬಹುಕಾಲದವರೆಗೆ ಈ ಪ್ರಶ್ನೆಯನ್ನು ಯಾರೂ ದೊಡ್ಡದಾಗಿ ಕೇಳಲೇ ಇಲ್ಲ. ಬೆಂಕಿಗೆ ಸೌದೆ ಮುಗಿದರೆ ತಾನೇ ಆರುತ್ತದೆಂಬಂತೆ, ಉರಿಯೂತವೂ ತಾನಾಗಿ ತಣ್ಣಗಾಗುತ್ತದೆಂದು ತಿಳಿದಿದ್ದರು. ಅದು ಹಾಗಲ್ಲ. ಹೊರಡುವುದಕ್ಕೂ ಒಂದು ಏರ್ಪಾಡಿದೆ. ಬರುವುದಕ್ಕಿಂತ ಅದೇ ಹೆಚ್ಚು ನಾಜೂಕಾದದ್ದು.

ಎಲೆಯುದುರಿದಂತೆ ಸಾವು

1960ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಕೆರ್ ಎಂಬ ವೈದ್ಯವಿಜ್ಞಾನಿ ಇಲಿಗಳ ಯಕೃತ್ತನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡುತ್ತಿದ್ದಾಗ ಒಂದು ವಿಶೇಷವನ್ನು ಕಂಡರು. ಕೆಲವು ಕೋಶಗಳು ಊದಿ ಒಡೆದು ಸಾಯುತ್ತಿರಲಿಲ್ಲ. ಮೆಲ್ಲನೆ ಕುಗ್ಗಿ, ಚಿಕ್ಕ ಚಿಕ್ಕ ಗುಳಿಗೆಗಳಂತೆ ತುಂಡಾಗಿ, ನೆರೆಯ ಕೋಶಗಳ ಹೊಟ್ಟೆ ಸೇರುತ್ತಿದ್ದವು. ಸುತ್ತಮುತ್ತ ಒಂದಿಷ್ಟೂ ಕೆಂಪಿಲ್ಲ, ಊತವಿಲ್ಲ. ಮುಂದೆ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಆಂಡ್ರೂ ವೈಲಿ, ಅಲೆಸ್ಟರ್ ಕರಿ ಅವರೊಡನೆ ಸೇರಿ 1972ರಲ್ಲಿ ಇದಕ್ಕೆ ಅಪೊಪ್ಟೋಸಿಸ್ ಎಂಬ ಹೆಸರನ್ನಿಟ್ಟರು. ಅಲ್ಲಿನ ಗ್ರೀಕ್ ಭಾಷೆಯ ಪ್ರಾಧ್ಯಾಪಕರೊಬ್ಬರು ಸೂಚಿಸಿದ ಮಾತದು. ಗಿಡದಿಂದ ಎಲೆ, ಹೂವಿನಿಂದ ಎಸಳು ಉದುರುವುದೆಂದು ಅದರ ಅರ್ಥ. ಕೋಶದೊಳಗೇ ಬರೆದಿಟ್ಟ ಈ ಸಾವಿನ ವಿಧಿಯನ್ನು ಒಂದು ಸಣ್ಣ ಹುಳುವಿನಲ್ಲಿ ಶೋಧಿಸಿದ ಮೂವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗಾಯಕ್ಕೆ ಬಂದ ನ್ಯೂಟ್ರೊಫಿಲ್ಲುಗಳ ನಿರ್ಗಮನ ಬಹುಮಟ್ಟಿಗೆ ಈ ಎಲೆಯುದುರುವ ದಾರಿಯಲ್ಲಿಯೇ. ಅವು ಒಡೆದು ಸತ್ತರೆ ಒಳಗಿನ ರಾಸಾಯನಿಕಗಳೆಲ್ಲ ಚೆಲ್ಲಿ ಮತ್ತೊಂದು ಗಾಯವಾಗುತ್ತದೆ. ಅದಕ್ಕೆ ಬದಲಾಗಿ ಅವು ಕುಗ್ಗಿ, ಗಂಟು ಮೂಟೆ ಕಟ್ಟಿಕೊಂಡು, ಮೈಮೇಲೆ ಒಂದು ಗುರುತನ್ನು ತೋರಿಸುತ್ತವೆ. ಫಾಸ್ಫಾಟಿಡೈಲ್ ಸೀರೀನ್ ಎಂಬ ಕೊಬ್ಬಿನ ವಸ್ತುವೊಂದು ಬದುಕಿರುವ ಕೋಶಗಳ ಹೊದಿಕೆಯ ಒಳಮೈಯಲ್ಲಿರುತ್ತದೆ. ಸಾಯಲು ಹೊರಟ ಕೋಶದಲ್ಲಿ ಅದು ಹೊರಮೈಗೆ ಬರುತ್ತದೆ. ಅಂಗಿಯನ್ನು ತಿರುವಿ ತೊಟ್ಟಂತೆ! ಇದು ನೆರೆಹೊರೆಯ ಭಕ್ಷಕ ಕೋಶಗಳಿಗೆ ‘ನನ್ನನ್ನು ತಿನ್ನು’ ಎಂಬ ಸನ್ನೆ. ಮ್ಯಾಕ್ರೊಫೇಜು ಹತ್ತಿರ ಬಂದು, ಮುಟ್ಟಿ ನೋಡಿ, ಇಡಿಯಾಗಿ ನುಂಗಿಬಿಡುತ್ತದೆ. ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲ.

ನುಂಗಿದವನ ಸ್ವಭಾವವೇ ಆ ಊಟದಿಂದ ಬದಲಾಗುತ್ತದೆಂಬುದು ಇನ್ನೂ ಸೋಜಿಗದ ಸಂಗತಿ. ಅದುವರೆಗೆ ಕೂಗಿ ಕೂಗಿ ಹೊಸಬರನ್ನು ಕರೆಯುತ್ತಿದ್ದ ಮ್ಯಾಕ್ರೊಫೇಜು, ಹೀಗೆ ಶಾಂತವಾಗಿ ಸತ್ತವರನ್ನು ಉಂಡ ಮೇಲೆ ದನಿಯಿಳಿಸುತ್ತದೆ. ಉರಿಯೂತವನ್ನು ತಗ್ಗಿಸುವ, ಅಂಗಾಂಶವನ್ನು ಬೆಳೆಸುವ ರಸಗಳನ್ನು ಸುರಿಸತೊಡಗುತ್ತದೆ. ದೇಹ ಮೀನೆಣ್ಣೆಯಲ್ಲಿರುವಂಥ ಕೊಬ್ಬುಗಳಿಂದಲೇ ‘ಇನ್ನು ಸಾಕು’ ಎನ್ನುವ ಸಂದೇಶದ ಅಣುಗಳನ್ನು ತಯಾರಿಸಿಕೊಳ್ಳುತ್ತದೆಂಬುದನ್ನೂ ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿದ್ದಾರೆ. ‘ಬನ್ನಿ’ ಎಂದು ಕರೆಯುವುದಕ್ಕೆ ಒಂದು ಭಾಷೆ, ‘ಹೋಗಿ ಬನ್ನಿ’ ಎಂದು ಕಳಿಸುವುದಕ್ಕೆ ಇನ್ನೊಂದು.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವೇಷಪಲ್ಲಟವನ್ನು ಚೆನ್ನಾಗಿ ತೋರಿಸಿತು. ಇಲಿಗಳ ಮೂತ್ರಪಿಂಡಕ್ಕೆ ಸ್ವಲ್ಪ ಹೊತ್ತು ರಕ್ತವನ್ನು ತಡೆದು ಗಾಯ ಮಾಡಿದರು. ಗಾಯವಾಗುವ ಮುನ್ನವೇ ಮ್ಯಾಕ್ರೊಫೇಜುಗಳನ್ನು ತೆಗೆದುಹಾಕಿದರೆ ಇಲಿಗಳಿಗೆ ಹಾನಿ ಕಡಿಮೆಯಾಯಿತು. ಸರಿ, ಇವು ಕೆಟ್ಟವೆಂದಾಯಿತಲ್ಲವೆ? ಆದರೆ ಗಾಯವಾಗಿ ಕೆಲವು ದಿನಗಳ ಮೇಲೆ, ದುರಸ್ತಿಯ ವೇಳೆಯಲ್ಲಿ ತೆಗೆದರೆ ಮೂತ್ರಪಿಂಡ ಮಾಯುವುದೇ ತಡವಾಯಿತು. ಮೊದಲ ದಿನದ ಸುಲಿಗೆಕೋರನೇ ಮೂರನೆಯ ದಿನದ ಮೇಸ್ತ್ರಿ.

ಶುಚಿಗೊಳಿಸುವ ಕೆಲಸವೆಲ್ಲ ಹೊರಗಿನಿಂದ ಬಂದವರದೇ ಎಂದು ತಿಳಿಯಬೇಕಿಲ್ಲ. 2008ರಲ್ಲಿ ಬಾಸ್ಟನ್ನಿನ ಜೋಸೆಫ್ ಬಾನ್‌ವೆಂಟರ್ ಅವರ ಪ್ರಯೋಗಶಾಲೆಯಿಂದ ಒಂದು ಅಚ್ಚರಿಯ ವಾರ್ತೆ ಬಂದಿತು. ಆರೋಗ್ಯವಂತ ಮೂತ್ರಪಿಂಡದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲವೆನ್ನಬಹುದಾದ, ಗಾಯವಾದೊಡನೆ ಕೊಳವೆಯ ಕೋಶಗಳ ಮೈಮೇಲೆ ಹೇರಳವಾಗಿ ಮೂಡುವ ಒಂದು ಪ್ರೋಟೀನಿದೆ. ಅದನ್ನು ಕಿಮ್-1 ಎಂದು ಕರೆಯುತ್ತಾರೆ. ಸಾಯುವ ಕೋಶ ತೋರಿಸುವ ಆ ಕೊಬ್ಬಿನ ಗುರುತನ್ನು ಹಿಡಿಯುವ ಕೈ ಇದೇ ಎಂದು ಅವರು ತೋರಿಸಿದರು. ಅಂದರೆ ಉಪ್ಪು, ಸಕ್ಕರೆ ಆರಿಸುವುದೊಂದನ್ನೇ ಕಸುಬಾಗಿಸಿಕೊಂಡಿದ್ದ ಸಾಧು ಕೋಶ, ಆಪತ್ತಿನಲ್ಲಿ ತಾನೇ ಭಕ್ಷಕವಾಗಿ ಸತ್ತ ನೆರೆಯವರನ್ನು ತೆರವು ಮಾಡುತ್ತದೆ. ಊರಿಗೆ ಕಷ್ಟ ಬಂದಾಗ ಲೆಕ್ಕ ಬರೆಯುವ ಶಾನುಭೋಗರೂ ಸಲಿಕೆ ಹಿಡಿಯುವುದಿಲ್ಲವೆ!

ಎಲ್ಲ ಕಣಗಳೂ ಸತ್ತೇ ಹೊರಡುತ್ತವೆಂದೂ ಇಲ್ಲ. ಜೀಬ್ರಾಮೀನಿನ ಪಾರದರ್ಶಕ ಮರಿಗಳಲ್ಲಿ ಕೆಲವು ನ್ಯೂಟ್ರೊಫಿಲ್ಲುಗಳು ಕೆಲಸ ಮುಗಿಸಿ ಬಂದ ದಾರಿಯಲ್ಲೇ ರಕ್ತನಾಳದ ಕಡೆಗೆ ಹಿಂದಿರುಗುವುದನ್ನು ಕಣ್ಣಾರೆ ನೋಡಿದ್ದಾರೆ. ಮ್ಯಾಕ್ರೊಫೇಜು, ಲಿಂಫೊಸೈಟುಗಳಿಗೆ ದುಗ್ಧನಾಳಗಳೆಂಬ ಹಿತ್ತಿಲ ಬಾಗಿಲಿದೆ. ಅದರ ಮೂಲಕ ಹತ್ತಿರದ ದುಗ್ಧಗ್ರಂಥಿಗಳಿಗೆ ಹೋಗಿ ಸೇರಬಲ್ಲವು. ಲಿಂಫೊಸೈಟುಗಳಲ್ಲಿ ಕೆಲವು ಉಳಿದವರನ್ನು ಸುಮ್ಮನಿರಿಸುವ ಹಿರಿಯರ ಕೆಲಸವನ್ನು ವಹಿಸಿಕೊಳ್ಳುತ್ತವೆ. ಇನ್ನು ಮೂತ್ರಪಿಂಡದಲ್ಲಿ ಹುಟ್ಟಿನಿಂದಲೂ ನೆಲೆಸಿರುವ ಮ್ಯಾಕ್ರೊಫೇಜುಗಳಿವೆ. ಅವು ಊರಿನವು, ಅವು ಇರಬೇಕಾದವೇ.

ನೀರು ಬಂದ ದಿನ

ಆಸ್ಪತ್ರೆಯ ವಾರ್ಡಿನಲ್ಲಿ ಇದಾವುದೂ ಕಾಣುವುದಿಲ್ಲ. ಅಲ್ಲಿ ಕಾಣುವುದು ಮಂಚದ ಕೆಳಗಿನ ಅಳತೆಯ ಪಾತ್ರೆಯೊಂದೇ. ಹೆಂಡತಿ ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತಾಳೆ. ನಾಲ್ಕೋ ಐದೋ ಡಯಾಲಿಸಿಸ್ ಆದ ಮೇಲೆ, ಹನ್ನೆರಡನೆಯ ದಿನವೋ ಹದಿನೈದನೆಯ ದಿನವೋ, ಬೆಳಗ್ಗೆ ಪಾತ್ರೆಯಲ್ಲಿ ಅರ್ಧ ಲೀಟರ್ ತುಂಬಿರುತ್ತದೆ.

“ನೀರು ಬಂತ್ರೀ ಡಾಕ್ಟರ್ ಸಾಹೇಬ್ರ, ನೀರು ಬಂತು!”

ಮರುದಿನ ಎರಡು ಲೀಟರ್. ಅದರ ಮರುದಿನ ನಾಲ್ಕು. ಮನೆಯವರ ಹರ್ಷಕ್ಕೆ ಪಾರವಿಲ್ಲ. ವೈದ್ಯರ ಮುಖದಲ್ಲಿ ಮಾತ್ರ ಪೂರ್ಣ ನಗು ಮೂಡುವುದಿಲ್ಲ. ಹೂಳು ತೆರವಾಗಿ ಕೊಳವೆ ತೆರೆದಿದೆ ನಿಜ. ಆದರೆ ಒಳಗೋಡೆಗೆ ಬಂದ ಕೋಶಗಳು ಇನ್ನೂ ಎಳೆಯವು. ನೀರನ್ನೂ ಉಪ್ಪನ್ನೂ ಹಿಂದಕ್ಕೆ ಎಳೆದುಕೊಳ್ಳುವ ವಿದ್ಯೆ ಅವಕ್ಕೆ ಇನ್ನೂ ಕೈಗೂಡಿಲ್ಲ. ಸೋಸಿದ್ದು ಸೋಸಿದಂತೆಯೇ ಹೊರಟುಹೋಗುತ್ತದೆ. ಈ ದಿನಗಳಲ್ಲಿ ಹೋದಷ್ಟು ನೀರನ್ನು ಅಳೆದು ತುಂಬದಿದ್ದರೆ, ಮೂತ್ರವಿಲ್ಲದೆ ಸಾಯಬೇಕಾಗಿದ್ದವನು ಮೂತ್ರ ಹೆಚ್ಚಾಗಿ ಸಾಯಬಹುದು. ಕ್ರಮೇಣ ಕೋಶಗಳು ಕಸುಬನ್ನು ನೆನಪಿಸಿಕೊಳ್ಳುತ್ತವೆ. ಮೂರನೆಯ ವಾರಕ್ಕೆ ಕ್ರಿಯಾಟಿನಿನ್ ಇಳಿಯುತ್ತದೆ. ರೈತ ಊರಿಗೆ ಮರಳುತ್ತಾನೆ.

ಎಲ್ಲರಿಗೂ ಇದು ದೊರೆಯುವುದಿಲ್ಲ. ಕೆಲವರಲ್ಲಿ ಮಂಡಲದ ವಿಷದಿಂದ ಮೂತ್ರಪಿಂಡದ ಹೊರಪದರವೇ, ಶೋಧಕಗಳ ಸಮೇತ, ರಕ್ತವಿಲ್ಲದೆ ಸತ್ತುಹೋಗಿರುತ್ತದೆ; ಅಂಥವರ ಪಾಲಿಗೆ ಯಂತ್ರವೇ ಗತಿಯಾಗುವುದುಂಟು. ಅದು ಬೇರೆಯೇ ದುಃಖದ ಕಥೆ.

ಊರಿಗೆ ಮರಳಿದವನ ಮೈಯೊಳಗೂ ಕಥೆ ಮುಗಿದಿರುವುದಿಲ್ಲ. ಬಂದ ಕಣಗಳೆಲ್ಲ ಹೊರಟವೆ? ಇದು ಎಷ್ಟೋ ವಾರಗಳ ಮೇಲೂ ಇತ್ಯರ್ಥವಾಗದ ಪ್ರಶ್ನೆ. ಗಾಯ ತೀರ ಆಳವಾಗಿದ್ದರೆ, ಕೆಲವು ಕೊಳವೆಗಳ ಕೋಶಗಳು ದುರಸ್ತಿಯ ಅರ್ಧದಲ್ಲಿಯೇ ನಿಂತುಬಿಡುತ್ತವೆ; ಮುಂದಕ್ಕೂ ಹೋಗಲಾರವು, ಸಾಯಲಾರವು; ಮೊದಲಿನ ಬೊಬ್ಬೆಯನ್ನು ಮಾತ್ರ ಸಣ್ಣಗೆ ಮುಂದುವರಿಸುತ್ತಿರುತ್ತವೆ. ಆ ಕೂಗಿಗೆ ಮ್ಯಾಕ್ರೊಫೇಜುಗಳೂ ಲಿಂಫೊಸೈಟುಗಳೂ ಅಲ್ಲಿಯೇ ಬೀಡುಬಿಡುತ್ತವೆ. ಅವುಗಳ ನೆರೆಯಲ್ಲಿ ನಾರಿನ ಕೋಶಗಳು ಎಚ್ಚತ್ತು ಕೊಲಾಜೆನ್ ನೇಯುತ್ತವೆ. ಗಾಯದ ಕಲೆ ಚರ್ಮದ ಮೇಲಾದರೆ ಮುಚ್ಚುಳವಾದೀತು. ಸೋಸಬೇಕಾದ ಅವಯವದೊಳಗಾದರೆ ಅದು ಗಂಟಲಿಗೆ ಸುತ್ತಿದ ಹುರಿ. ಸಣ್ಣ ರಕ್ತನಾಳಗಳು ಬತ್ತುತ್ತವೆ, ನೆಫ್ರಾನುಗಳು ಒಂದೊಂದಾಗಿ ಆರುತ್ತವೆ. ತೀವ್ರವಾದ ಮೂತ್ರಪಿಂಡದ ಗಾಯದಿಂದ ಬದುಕಿ ಎದ್ದವರಲ್ಲಿ ವರ್ಷಗಳ ಮೇಲೆ ದೀರ್ಘಕಾಲದ ಮೂತ್ರಪಿಂಡ ರೋಗ ತಲೆದೋರುವ ಸಂಭವ ಇತರರಿಗಿಂತ ಹೆಚ್ಚೆಂಬುದು ಈಗ ಸಂದೇಹವಿಲ್ಲದ ಸಂಗತಿ. ಹಾವು ಕಚ್ಚಿದವರೂ ಇದಕ್ಕೆ ಹೊರತಲ್ಲ.

ವಯಸ್ಸೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ, ಮೂತ್ರಪಿಂಡಕ್ಕೆ ಒಂದೇ ಬಗೆಯ ಗಾಯ ಮಾಡಿದ ಎಳೆಯ ಇಲಿಗಳನ್ನೂ ಮುದಿ ಇಲಿಗಳನ್ನೂ ಹೋಲಿಸಿ ನೋಡಿದರು. ಎಳೆಯವುಗಳಲ್ಲಿ ಮೂತ್ರಪಿಂಡ ಸುಧಾರಿಸಿತು. ಮುದಿಯವುಗಳ ಮೂತ್ರಪಿಂಡದಲ್ಲಿ ಲಿಂಫೊಸೈಟುಗಳು ಗುಂಪುಗಟ್ಟಿ, ದುಗ್ಧಗ್ರಂಥಿಯನ್ನೇ ಹೋಲುವ ಚಿಕ್ಕ ಚಿಕ್ಕ ಬಡಾವಣೆಗಳನ್ನು ಕಟ್ಟಿಕೊಂಡಿದ್ದವು. ಸುಗ್ಗಿಗೆಂದು ಬಂದ ಕೂಲಿಯವರು ಹೊಲದ ನಡುವೆಯೇ ಮನೆ ಕಟ್ಟಿ ಒಲೆ ಹೂಡಿದಂತಾಯಿತು. ಮನುಷ್ಯರ ಮುಪ್ಪಿನ ಮೂತ್ರಪಿಂಡಗಳಲ್ಲಿಯೂ ಇಂಥ ರಚನೆಗಳನ್ನು ಅವರು ಕಂಡರು.

ಹಾಗಾದರೆ ಒಂದು ಔಷಧಿ ಕೊಟ್ಟು ಈ ಕಣಗಳನ್ನೆಲ್ಲ ಓಡಿಸಿಬಿಡಬಾರದೆ? ಯೋಚನೆ ಸುಲಭ, ಯೇಲಿನ ಇಲಿಗಳು ಅದರ ಅಪಾಯವನ್ನು ಆಗಲೇ ಹೇಳಿಬಿಟ್ಟಿವೆ. ಬೇಗ ಅಟ್ಟಿದರೆ ಮೇಸ್ತ್ರಿಯೂ ಹೋದ. ತಡವಾದರೆ ಕಲೆ ಗಟ್ಟಿಯಾಯಿತು. ಯಾವ ದಿನ, ಯಾವ ಕಣ, ಎಷ್ಟು? ಇಲಿಗಳಲ್ಲಿ ಗಾಯದ ಗಳಿಗೆಯನ್ನು ಸಂಶೋಧಕ ತಾನೇ ನಿಶ್ಚಯಿಸುತ್ತಾನೆ. ಬಣವೆಯ ಬುಡದಲ್ಲಿ ಗಳಿಗೆಯನ್ನು ನಿಶ್ಚಯಿಸುವುದು ಹಾವು. ‘ಸಾಕು’ ಎನ್ನುವ ಆ ಕೊಬ್ಬಿನ ಅಣುಗಳನ್ನು ಇಲಿಗಳಿಗೆ ಕೊಟ್ಟು ಗಾಯ ಕಡಿಮೆಯಾದುದನ್ನು ಕಂಡಿದ್ದಾರೆ. ಆದರೆ ರೋಗಿಯ ಮೂತ್ರಪಿಂಡದಿಂದ ಕಣಗಳನ್ನು ಹೊತ್ತಿಗೆ ಸರಿಯಾಗಿ ಬೀಳ್ಕೊಡುವ ಔಷಧಿಯೆಂದು ವೈದ್ಯರ ಕೈಗೆ ಬಂದದ್ದು ಈವರೆಗೆ ಒಂದೂ ಇಲ್ಲ.

ಇರುವುದು ಹಳೆಯ ಉಪಾಯಗಳೇ. ಗಾಯ ಚಿಕ್ಕದಾಗುವಂತೆ ನೋಡಿಕೊಳ್ಳುವುದು ಮೊದಲನೆಯದು: ಹೊಲದಲ್ಲಿ ಬೂಟು, ಇರುಳಿನಲ್ಲಿ ಬ್ಯಾಟರಿ, ಕಚ್ಚಿದರೆ ನೇರವಾಗಿ ಆಸ್ಪತ್ರೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಅದುವರೆಗೆ ಎಷ್ಟು ಮಂದಿಗೆ ಕಚ್ಚಿತೆಂಬ ಲೆಕ್ಕವೇ ಸರಿಯಾಗಿ ಸಿಗುತ್ತಿರಲಿಲ್ಲ. ಲೆಕ್ಕ ಸಿಕ್ಕರೆ ಯಾವ ಆಸ್ಪತ್ರೆಗೆ ಎಷ್ಟು ಸೀಸೆ ಔಷಧಿ ಬೇಕೆಂಬುದಾದರೂ ಗೊತ್ತಾದೀತು.

ಎರಡನೆಯದು, ಮಾಯುತ್ತಿರುವ ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು ಬೀಳದಂತೆ ಕಾಯುವುದು. ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಮಾತ್ರೆ, ಶಕ್ತಿಗೆಂದು ಸಂತೆಯಲ್ಲಿ ಮಾರುವ ಭಸ್ಮ, ಬೇಸಗೆಯ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿತ, ಇವೆಲ್ಲವೂ ಒಳಗಿನ ಬೊಬ್ಬೆಯನ್ನು ಮತ್ತೆ ಎಬ್ಬಿಸಬಲ್ಲವು. ಮೂರನೆಯದು ತಪಾಸಣೆ. ಮೂರು ತಿಂಗಳ ಮೇಲೆ ಒಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ರಕ್ತದೊತ್ತಡ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ. ಮೈಗೆ ಚೆನ್ನಾಗಿದೆ ಎನ್ನಿಸುವುದು ಇಲ್ಲಿ ಸಾಕ್ಷಿಯಲ್ಲ. ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಕುಂದುವವರೆಗೆ ಕ್ರಿಯಾಟಿನಿನ್ ಕೂಡ ಅಷ್ಟಾಗಿ ಏರುವುದಿಲ್ಲ. ನೋವಂತೂ ಇಲ್ಲವೇ ಇಲ್ಲ.

ಆಸ್ಪತ್ರೆಯಿಂದ ಬಿಡುವಾಗ ಮರಳಿ ಬರಬೇಕಾದ ದಿನವನ್ನು ಚೀಟಿಯಲ್ಲಿ ಬರೆದು ಕೊಟ್ಟಿರುತ್ತಾರೆ. ಮಂಗಳೂರಿನ ರೈತ ಅದನ್ನು ಪಡಸಾಲೆಯ ದೇವರ ಪಟದ ಹಿಂದೆ ಜೋಪಾನವಾಗಿ ಸಿಕ್ಕಿಸಿಟ್ಟಿದ್ದಾನೆ. ಕಾಲಿನ ಊತ ಇಳಿದಿದೆ, ಊಟ ಸೇರುತ್ತಿದೆ, ಎತ್ತುಗಳು ಆತನ ದನಿಗೆ ಮತ್ತೆ ಕಿವಿ ನಿಮಿರಿಸುತ್ತವೆ. ದಿನವನ್ನು ಲೆಕ್ಕ ಹಾಕಿದರೆ ಅದು ಹಿಂಗಾರಿ ಜೋಳದ ರಾಶಿಯ ಕಾಲಕ್ಕೇ ಬೀಳುತ್ತದೆ. ಆ ವಾರ ಕೂಲಿಯವರು ಸಿಗುವುದೇ ಕಷ್ಟ. ಮಗನನ್ನು ಕಣದಲ್ಲಿ ಬಿಟ್ಟು ತಾನು ಬೆಳಗಿನ ಬಸ್ಸಿಗೆ ಹೋಗಿಬರುವುದೆಂದು ಹೆಂಡತಿ ಹೇಳುತ್ತಿದ್ದಾಳೆ, ಆತ ಇನ್ನೂ ಹ್ಞೂಂ ಎಂದಿಲ್ಲ.